ವೈನ್ ಅರೋಮಾ ವೀಲ್: ಮೂಗಿಗೆ ನಾಲ್ಕು ಸ್ಟಾರ್, ನಾಲಿಗೆಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ವೈನ್ ಬಾಟಲಿಯ ವಿಮರ್ಶೆ ಅಲ್ಲ. ಪ್ಲಾಸ್ಟಿಕ್ ಹೊದಿಸಿದ, ಬಣ್ಣಬಣ್ಣದ ಒಂದು ಚಕ್ರದ ವಿಮರ್ಶೆ. ಹೆಸರು ವೈನ್ ಅರೋಮಾ ವೀಲ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಪ್ರೊಫೆಸರಾಗಿದ್ದ ಆನ್ ನೋಬಲ್ ಮತ್ತು ಅವರ ಜೊತೆಯವರು 1984ರಲ್ಲಿ ರೂಪಿಸಿದ್ದು. ಅಮೆರಿಕದಲ್ಲಿರುವ ನೆಂಟರ ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ ಬಂದ ನನ್ನ ಚಕ್ರ ಕೆಲವು ವರ್ಷಗಳಿಂದ ಫ್ರಿಜ್ ಬಾಗಿಲ ಮೇಲಿದೆ. ಒಂದು ಅಂಚಿಗೆ ಅರಿಶಿನ ಹತ್ತಿದೆ, ಅದರ ಹೊಣೆ ನನ್ನದು. ಹೊಸದರಲ್ಲಿ ಬರೆದಿದ್ದರೆ ಕಣ್ಣುಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ.

ಬಳಸುವುದು ಸುಲಭ. ಮೂರು ಸುತ್ತುಗಳಿವೆ. ಒಳಗಿನ ಸುತ್ತಿನಲ್ಲಿ ಹನ್ನೆರಡು ದೊಡ್ಡ ಗುಂಪುಗಳು: ಹೂವು, ಹಣ್ಣು, ಮಸಾಲೆ, ಹಸಿರು ಸೊಪ್ಪು, ಮರ, ಮಣ್ಣು, ರಾಸಾಯನಿಕ, ಹೀಗೆ. ಹೊರಗೆ ಸರಿದಂತೆ ಗುಂಪು ಒಡೆಯುತ್ತಾ ಹೋಗುತ್ತದೆ. ಹಣ್ಣಿನ ವಾಸನೆ ಬಂತು ಅನ್ನಿ. ಬೆರ್ರಿ ಜಾತಿಯದೋ, ನಿಂಬೆ ಜಾತಿಯದೋ, ಒಣಹಣ್ಣಿನದೋ? ಒಣಹಣ್ಣಾದರೆ ದ್ರಾಕ್ಷಿಯೋ ಅಂಜೂರವೋ? ಅಲ್ಲಿಗೆ ಕೊನೆಯ ಸುತ್ತು ಮುಟ್ಟಿದಿರಿ. ನೋಬಲ್ ಬೇಕೆಂದೇ ಹೊರಗಿಟ್ಟ ಪದಗಳೂ ಇವೆ. ಎಲಿಗಂಟ್, ಹಾರ್ಮೋನಿಯಸ್ ಮುಂತಾದ ಹೊಗಳಿಕೆಗಳಿಗೆ ಇಲ್ಲಿ ಜಾಗ ಇಲ್ಲ. ಇಬ್ಬರು ಒಂದೇ ಲೋಟ ಮೂಸಿ ‘ಲವಂಗ ಇದೆಯೋ ಇಲ್ಲವೋ’ ಅಂತ ಜಗಳ ಆಡಬಹುದು, ತೀರ್ಮಾನಕ್ಕೂ ಬರಬಹುದು. ‘ಎಲಿಗಂಟ್ ಇದೆಯೋ’ ಅಂತ ಜಗಳ ಆಡಿದರೆ ಬಾಟಲಿ ಖಾಲಿಯಾಗುತ್ತದೆ ಅಷ್ಟೆ. ಅಂಗಡಿಯಲ್ಲಿ ಬಾಟಲಿಯ ಬೆನ್ನಿನ ಬರಹ ಓದಿ ತಲೆ ಕೆಡಿಸಿಕೊಂಡವರಿಗೆ ಈ ಶಿಸ್ತು ದೊಡ್ಡ ಸಮಾಧಾನ.

ಹೊಸಬರಿಗೆ ಇದೊಂದನ್ನೇ ಕೊಟ್ಟರೆ ಮಾತ್ರ ದಾರಿ ತಪ್ಪುತ್ತದೆ. ಇದು ಮೂಗಿನ ಚಕ್ರ. ಹುಳಿ, ಸಿಹಿ, ಒಗರು, ಬಾಯಲ್ಲಿ ತೂಗುವ ಭಾರ, ನುಂಗಿದ ಮೇಲೆ ಉಳಿಯುವ ರುಚಿ, ಇವು ಇದರ ಲೆಕ್ಕಕ್ಕೆ ಸೇರಿಲ್ಲ. ಅಂಗಡಿಯಲ್ಲಾಗಲಿ ರೆಸ್ಟೋರೆಂಟಿನಲ್ಲಾಗಲಿ ನಿಮಗೆ ಬೇಕಾದ ವೈನ್ ಸಿಗುವುದು ‘ವಯಲೆಟ್ ಹೂವಿನ ವಾಸನೆ ಇರುವುದು ಕೊಡಿ’ ಅಂದರೆ ಅಲ್ಲ. ‘ಡ್ರೈ ಇರಲಿ, ಟ್ಯಾನಿನ್ ಕಮ್ಮಿ ಇರಲಿ’, ಅಂದರೆ ಸಿಹಿ ಬೇಡ, ಒಗರು ಕಮ್ಮಿ ಇರಲಿ ಅಂತ ಕೇಳಿದರೆ ಸಿಗುತ್ತದೆ. ಮನೆಗೆ ಬಂದ ಗೆಳೆಯರಿಗೆ ನಾನೀಗ ಚಕ್ರ ತೋರಿಸುವ ಮೊದಲು ಬಾಯಿಯ ಐದು ಪದ ಹೇಳಿಕೊಡುತ್ತೇನೆ.

ಅತಿ ಹೆಚ್ಚು ಗೊಂದಲ ‘ಡ್ರೈ’ ಪದದಲ್ಲಿ. ಡ್ರೈ ಅಂದರೆ ಸಕ್ಕರೆ ಉಳಿದಿಲ್ಲ ಎಂದು, ಅಷ್ಟೇ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿದೆ. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಡ್ರೈ. ಹುಳಿ ಚೆನ್ನಾಗಿದ್ದರೆ 9 ಗ್ರಾಂವರೆಗೂ ಬಿಡುತ್ತಾರೆ. ನಮ್ಮ ಕಡೆ ವೈನ್ ಅಂದರೆ ಬಹಳ ಜನಕ್ಕೆ ಪೋರ್ಟ್ ವೈನ್, ಇಲ್ಲವೇ ಕೊಡಗಿನಿಂದ ತಂದ ಹೋಂಮೇಡ್, ಎರಡೂ ಪಾನಕದಷ್ಟು ಸಿಹಿ. ಹಾಗಾಗಿ ಮೊದಲ ಗುಟುಕು ಡ್ರೈ ಕುಡಿದವರು ‘ಇದು ಕೆಟ್ಟಿದೆ’ ಅನ್ನುವುದು ಸಹಜ. ಇನ್ನೊಂದು ಕಡೆ, ಲಿಚಿ ಹಣ್ಣಿನ ಹಾಗೆ ಘಮಘಮಿಸುವ ಗೆವುರ್ಜ್‌ಟ್ರಾಮಿನರ್ ಎಂಬ ಬಿಳಿ ವೈನ್ ಮೂಸಿದವರು ‘ಅಯ್ಯೋ ಸಿಹಿ’ ಅಂದುಬಿಡುತ್ತಾರೆ, ಅದರಲ್ಲಿ ಸಕ್ಕರೆಯೇ ಇಲ್ಲದಿರಬಹುದು. ಪರೀಕ್ಷೆ ಸುಲಭ. ಮೂಗು ಹಿಡಿದುಕೊಂಡು ಒಂದು ಗುಟುಕು ತೆಗೆದುಕೊಳ್ಳಿ. ಆಗಲೂ ನಾಲಿಗೆಗೆ ಸಿಹಿ ತಿಳಿದರೆ ಸಕ್ಕರೆ ಇದೆ. ಇಲ್ಲವಾದರೆ ಅದುವರೆಗೆ ಮೂಗು ಹೇಳುತ್ತಿದ್ದುದು ಹಣ್ಣಿನ ಕಥೆ.

ಷಾಂಪೇನ್ ತರಹದ ನೊರೆ ವೈನ್‌ಗಳಲ್ಲಿ ಇದೇ ಪದಕ್ಕೆ ಇನ್ನೊಂದು ಕಿರಿಕ್ ಇದೆ. ಲೇಬಲ್ ಮೇಲೆ ‘ಬ್ರೂಟ್’ ಇದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಇದ್ದರೆ 12ರಿಂದ 17 ಗ್ರಾಂ. ಎಕ್ಸ್‌ಟ್ರಾ ಅಂತ ನೋಡಿ ಸಿಹಿಯೇ ಇರಲ್ಲ ಅಂದುಕೊಂಡು ಕೊಂಡರೆ ಬ್ರೂಟ್‌ಗಿಂತ ಸಿಹಿಯಾದದ್ದು ಮನೆಗೆ ಬರುತ್ತದೆ.

ಟ್ಯಾನಿನ್ ವಿಷಯ ನಮ್ಮವರಿಗೆ ಎರಡು ನಿಮಿಷದ ಪಾಠ. ಎಳೆ ಅಡಿಕೆ ಅಗಿದವರಿಗೆ, ಬಾಳೆಕಾಯಿ ಹೆಚ್ಚಿ ಹಸಿ ಚೂರು ಬಾಯಿಗೆ ಹಾಕಿಕೊಂಡವರಿಗೆ ಒಗರು ಏನು ಮಾಡುತ್ತದೆ ಅಂತ ಗೊತ್ತು. ಜೊಲ್ಲಿನ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಬಾಯಿಯ ಜಾರುತನ ಹೋಗುತ್ತದೆ, ತುಟಿಯ ಒಳಮೈ ಹಲ್ಲಿಗೆ ಹಿಡಿದುಕೊಳ್ಳುತ್ತದೆ. ಟ್ಯಾನಿನ್ ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಿಂದ, ಸ್ವಲ್ಪ ಓಕ್ ಪೀಪಾಯಿಯಿಂದ. ಕೆಂಪು ವೈನ್ ಸಿಪ್ಪೆಯ ಜೊತೆಗೇ ಹುದುಗುವುದರಿಂದ ಅದರಲ್ಲಿ ಹೆಚ್ಚು. ಬಿಳಿಯದರಲ್ಲಿ ರಸವನ್ನು ಮೊದಲೇ ಬೇರ್ಪಡಿಸುವುದರಿಂದ ಕಮ್ಮಿ.

ಹುಳಿಯನ್ನು ಗುರುತಿಸುವುದು ಇನ್ನೂ ಸುಲಭ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ನಮ್ಮ ಹುಣಸೆಹಣ್ಣಿನದ್ದೂ ಅದೇ. ನುಂಗಿದ ಮೇಲೆ ತಲೆ ತುಸು ಮುಂದಕ್ಕೆ ಬಾಗಿಸಿ ಬಾಯಿ ಮುಚ್ಚಿ ಕೂತರೆ ಕೆನ್ನೆಯ ಒಳಗಿಂದ ನೀರೂರುತ್ತದೆ. ಎಷ್ಟು ಬೇಗ, ಎಷ್ಟು ಹೊತ್ತು ಎನ್ನುವುದೇ ಅಳತೆ. ಟ್ಯಾನಿನ್ ಬಾಯಿ ಒಣಗಿಸುತ್ತದೆ, ಹುಳಿ ಒದ್ದೆ ಮಾಡುತ್ತದೆ. ಒಂದೇ ಗುಟುಕಿನಲ್ಲಿ ಎರಡೂ ಆಗಬಹುದು.

ಬಾಡಿ, ಫಿನಿಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿ ಎಂದರೆ ಬಾಯಲ್ಲಿ ತೂಗುವ ಭಾರ. ಅದಕ್ಕೆ ದೊಡ್ಡ ಕಾರಣ ಆಲ್ಕೋಹಾಲ್, ಲೇಬಲ್ಲಿನ ಶೇಕಡಾ ಅಂಕಿ ನೋಡಿದರೆ ಅಂದಾಜು ಸಿಗುತ್ತದೆ. 12ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಹಗುರ, 14 ದಾಟಿದರೆ ಭಾರ. ಫಿನಿಶ್ ಎಂದರೆ ನುಂಗಿದ ನಂತರ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಲೋಟದ ಗೋಡೆ ಮೇಲೆ ಇಳಿಯುವ ಹನಿಗೆರೆಗಳನ್ನು ‘ಲೆಗ್ಸ್’ ಅಂತ ತೋರಿಸಿ ‘ನೋಡಿ, ಒಳ್ಳೇ ಮಾಲು’ ಅನ್ನುವವರನ್ನು ನಂಬಬೇಡಿ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗಿ ಮೇಲ್ಮೈ ಸೆಳೆತದಲ್ಲಿ ಆಗುವ ಏರುಪೇರಿನ ಆಟ ಅದು, ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ಚಕ್ರದ ನಿಜವಾದ ಶಕ್ತಿಗೆ ಬರೋಣ. ಸುಮ್ಮನೆ ಗೋಡೆಗೆ ಹಾಕಿ ಓದುವ ಪಟ್ಟಿಯಾಗಿ ನೋಬಲ್ ಇದನ್ನು ಬಿಡಲಿಲ್ಲ. ಪ್ರತಿ ಪದಕ್ಕೂ ಮೂಸಲು ಒಂದು ಮಾದರಿ ಇರಬೇಕು ಅನ್ನುವುದು ಅವರ ಹಟ. ಸಾದಾ ವೈನಿಗೆ ಅಡುಗೆಮನೆಯ ಪದಾರ್ಥ ಹಾಕಿ ಆ ಮಾದರಿ ಮಾಡಿಕೊಳ್ಳುವ ವಿಧಾನವನ್ನು 1987ರ ಪರಿಷ್ಕೃತ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಇದನ್ನು ಮಾಡದೆ ಚಕ್ರ ಕೊಂಡರೆ ದುಡ್ಡು ದಂಡ. ನಾನು ಮಾಡುವುದು ಹೀಗೆ: ಅಗ್ಗದ, ಹೆಚ್ಚು ವಾಸನೆ ಇಲ್ಲದ ಬಿಳಿ ವೈನನ್ನು ಚಿಕ್ಕ ಲೋಟಗಳಿಗೆ ಒಂದೊಂದು ಇಂಚು ಸುರಿದು, ಒಂದರಲ್ಲಿ ಲವಂಗ, ಇನ್ನೊಂದರಲ್ಲಿ ಜಜ್ಜಿದ ಮೆಣಸು, ಮತ್ತೊಂದರಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ಚೂರು ಹಾಕಿ ತಟ್ಟೆ ಮುಚ್ಚಿಡುತ್ತೇನೆ. ಅರ್ಧ ಗಂಟೆ ಬಿಟ್ಟು, ಏನೂ ಹಾಕದ ಲೋಟದ ಪಕ್ಕ ಇಟ್ಟು ಮೂಸುವುದು.

ದೊಣ್ಣೆಮೆಣಸಿನಕಾಯಿಯ ಲೋಟ ಮೂಸಿದವರು ಮತ್ತೆ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ಕೆಂಪು ವೈನ್ ಮೂಸಿದಾಗ ಬೆಚ್ಚಿ ನೋಡುತ್ತಾರೆ. ಕಾಯಿಯ ಆ ಹಸಿರು ವಾಸನೆ ಪೈರಜಿನ್ ಎಂಬ ಗುಂಪಿನ ಒಂದು ಸಂಯುಕ್ತದ್ದು. ಅದೇ ವಸ್ತು ಈ ದ್ರಾಕ್ಷಿಯಲ್ಲೂ ಇದೆ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಕಾಳುಮೆಣಸಿನ ಕಥೆಯೂ ಅಂಥದ್ದೇ. ಶಿರಾಜ್ ಎಂಬ ಕೆಂಪು ವೈನಿನ ಮೆಣಸಿನ ಘಾಟಿಗೆ ರೋಟಂಡೋನ್ ಎಂಬ ವಸ್ತು ಕಾರಣ ಅಂತ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು, ಮಲೆನಾಡಿನ ಬಳ್ಳಿಯ ಮೆಣಸಿನಲ್ಲೂ ಅದೇ ಇರುವುದು. ಅವರ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯಲೇ ಇಲ್ಲ. ನಮ್ಮ ಮನೆಯಲ್ಲೂ ಶಿರಾಜ್ ಮೂಸಿ ‘ಮೆಣಸೆಲ್ಲಿದೆ?’ ಅನ್ನುವ ಒಬ್ಬರಿದ್ದಾರೆ. ಅವರ ಮೂಗಿನ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ.

ನನಗೆ ಅತಿ ಖುಷಿ ಕೊಟ್ಟದ್ದು ಹೂವಿನ ಗುಂಪಿನ ತುದಿಯಲ್ಲಿದ್ದ ‘ಲಿನಲೂಲ್’. ಗುಲಾಬಿ, ಕಿತ್ತಳೆ ಹೂವುಗಳ ಮಧ್ಯೆ ಇದೇನಿದು ಕೆಮಿಸ್ಟ್ರಿ ಲ್ಯಾಬಿನ ಹೆಸರು ಅನ್ನಿಸಿತ್ತು. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ. ಸಾರಿನಪುಡಿಗೆ ಹುರಿಯುವ ಮುಂಚೆ ಹಸಿ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ತಕ್ಷಣ ಮಸ್ಕಟ್ ವೈನ್ ಮೂಸಿ. ಹುರಿದ ಮೇಲೆ ಬೇಡ, ಆಗ ಬೇರೆ ವಾಸನೆಗಳು ಎದ್ದು ಕೂರುತ್ತವೆ.

ಹೊರಸುತ್ತಿನ ಎಷ್ಟೋ ಪದಗಳು ನಮಗೆ ಪರದೇಶಿಗಳು. ಆಸ್ಪರಾಗಸ್, ಆರ್ಟಿಚೋಕ್, ಬ್ಲ್ಯಾಕ್‌ಕರೆಂಟ್ ಮೂಸಿ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್ ಮೂಸಿದರೆ ನನಗೆ ಮೊದಲು ಬರುವುದು ಹಣ್ಣಾದ ಸೀಬೆಕಾಯಿ, ಆಮೇಲೆ ಮಿಕ್ಕಿದ್ದು. ಹಾಗಂತ ಎಲ್ಲವನ್ನೂ ಮನಸ್ಸಿಗೆ ಬಂದಂತೆ ಕನ್ನಡೀಕರಿಸುವುದೂ ಸರಿಯಲ್ಲ. ಬ್ಲ್ಯಾಕ್‌ಕರೆಂಟ್‌ಗೆ ನೇರಳೆ ಹಾಕಿಕೊಳ್ಳಿ ಅಂತ ಬಹಳ ಜನ ಹೇಳುತ್ತಾರೆ. ಬಣ್ಣ ಹೊಂದುತ್ತದೆ, ಒಗರೂ ಹೊಂದುತ್ತದೆ, ಆದರೆ ಚಕ್ರ ಕೇಳುತ್ತಿರುವುದು ವಾಸನೆಯನ್ನು. ವಾಸನೆಗೆ ಬ್ಲ್ಯಾಕ್‌ಕರೆಂಟ್ ಜಾಮಿನ ಶೀಶೆಯೇ ವಾಸಿ.

ನಂದಿಬೆಟ್ಟದ ಸುತ್ತ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ವಾಸನೆ ಇನ್ನೊಂದು ತಮಾಷೆ. ಇದರಲ್ಲಿ ಅಮೆರಿಕದ ಲಾಬ್ರುಸ್ಕಾ ಜಾತಿಯ ರಕ್ತ ಇದೆ. ಆ ಜಾತಿಯ ಗಾಢವಾದ, ದ್ರಾಕ್ಷಿ ಜ್ಯೂಸಿನಂಥ ಘಮಕ್ಕೆ ವೈನ್ ಪಂಡಿತರು ‘ಫಾಕ್ಸಿ’ ಅನ್ನುತ್ತಾರೆ, ಮೂಗು ಸಿಂಡರಿಸಿಕೊಂಡೇ ಅನ್ನುತ್ತಾರೆ. ಕ್ರಿಸ್‌ಮಸ್ ಹೊತ್ತಿನ ಮನೆವೈನ್ ಕುಡಿದು ಬೆಳೆದ ಬೆಂಗಳೂರಿಗರಿಗೆ ವೈನ್ ಅಂದರೆ ಅದೇ ವಾಸನೆ. ಅದನ್ನು ದೋಷ ಅನ್ನಲು ನಾನಂತೂ ತಯಾರಿಲ್ಲ.

ಬಳಸುತ್ತಾ ಬಂದಂತೆ ಕಂಡ ಅಪಾಯವೊಂದಿದೆ. ಚಕ್ರ ಕೈಯಲ್ಲಿದ್ದರೆ ಕಣ್ಣು ಓದಿದ್ದನ್ನು ಮೂಗು ಒಪ್ಪಿಕೊಳ್ಳುತ್ತದೆ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನಿನ ಪದಗಳಲ್ಲೇ. ಓದುತ್ತಿದ್ದವರ ಗತಿಯೇ ಹೀಗಾದರೆ ಫ್ರಿಜ್ ಮುಂದೆ ನಿಂತ ನನ್ನದೇನು? ಈಗ ಮೊದಲು ಮೂಸಿ, ಬಂದದ್ದನ್ನು ಚೀಟಿಯಲ್ಲಿ ಗೀಚಿ, ಆಮೇಲೆ ಚಕ್ರದತ್ತ ತಿರುಗುತ್ತೇನೆ. ಗೆಳೆಯರ ಜೊತೆ ಕೂತಾಗ ಎಲ್ಲರೂ ಬರೆದಾಗುವವರೆಗೆ ಯಾರೂ ಬಾಯಿಬಿಡಬಾರದು ಅನ್ನುವುದು ನಿಯಮ. ಒಬ್ಬರು ‘ಚೆರ್ರಿ’ ಅಂದರೆ ಮುಗಿಯಿತು, ಮೇಜಿನ ತುಂಬ ಚೆರ್ರಿ.

ವೈನ್ ಬಿಸಿಯಾಗಿದ್ದರೂ ಚಕ್ರ ಕೆಲಸ ಮಾಡುವುದಿಲ್ಲ. ಕೆಂಪು ವೈನನ್ನು ರೂಂ ಟೆಂಪರೇಚರಿನಲ್ಲಿ ಕುಡಿಯಬೇಕು ಅನ್ನುವ ಮಾತು ತಣ್ಣನೆಯ ಯುರೋಪಿನ ಮನೆಗಳದ್ದು. ಅದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬಳ್ಳಾರಿಯ ರೂಂ ಟೆಂಪರೇಚರಿನಲ್ಲಿ ಮೂಗಿಗೆ ತಾಗುವುದು ಬರೀ ಸ್ಪಿರಿಟ್ಟು. ನಗರದ ಒಂದು ಹೋಟೆಲಿನಲ್ಲಿ ‘ಸ್ವಲ್ಪ ತಣ್ಣಗೆ ಮಾಡಿಕೊಡಿ’ ಅಂದದ್ದಕ್ಕೆ ‘ರೆಡ್ ಹಾಗೆ ಕೊಡಲ್ಲ ಸಾರ್’ ಅಂತ ಪಾಠ ಕೇಳಬೇಕಾಯಿತು. ಮನೆಯಲ್ಲಾದರೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ, ಯಾರೂ ಕೇಳುವುದಿಲ್ಲ.

ಕೊಟ್ಟ ಹಣ ವಸೂಲಾಗುವುದು ಚಕ್ರದ ಕೊಳಕು ಮೂಲೆಯಲ್ಲಿ. ಒದ್ದೆ ರಟ್ಟು, ಬೂಷ್ಟು ಹಿಡಿದ ಕಾರ್ಕ್, ನೇಲ್ ಪಾಲಿಶ್ ತೆಗೆಯುವ ದ್ರಾವಣ, ಎಲೆಕೋಸು, ಒದ್ದೆ ನಾಯಿ, ಎಲ್ಲ ಇಲ್ಲಿವೆ. ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ವೈನಿನಲ್ಲಿ ಬಂದರೆ ಅದು ಕಾರ್ಕ್ಡ್, ಅಂದರೆ ಕಾರ್ಕಿನಿಂದ ವಾಸನೆ ಕೆಟ್ಟದ್ದು. ಕಾರ್ಕ್ ಚೂರು ತೇಲುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟಿಸಿಎ ಎಂಬ ಸಂಯುಕ್ತ ಲೀಟರಿಗೆ ಕೆಲವು ನ್ಯಾನೋಗ್ರಾಂ ಸೇರಿದರೂ ಹಣ್ಣಿನ ವಾಸನೆಯನ್ನು ನುಂಗಿಹಾಕುತ್ತದೆ. ಕುಡಿದರೆ ಆರೋಗ್ಯಕ್ಕೆ ಏನೂ ಆಗದು, ಆದರೆ ದುಡ್ಡು ಕೊಟ್ಟ ವೈನ್ ಅಲ್ಲಿ ಇರುವುದಿಲ್ಲ. ರೆಸ್ಟೋರೆಂಟಿನಲ್ಲಿ ಬಾಟಲಿ ತೆರೆದು ಮೊದಲು ಒಂದು ಗುಟುಕು ಸುರಿದು ಕೊಡುವುದು ಇದನ್ನು ನೋಡಲೆಂದೇ, ನಿಮಗೆ ಇಷ್ಟವಾಯಿತೇ ಅಂತ ಕೇಳಲು ಅಲ್ಲ. ಮೂಸಿ, ರಟ್ಟು ಅನ್ನಿಸಿದರೆ ‘ಕಾರ್ಕ್ಡ್ ಆಗಿದೆ, ಬೇರೆ ಬಾಟಲಿ ಕೊಡಿ’ ಅನ್ನಿ. ಸ್ಕ್ರೂ ಕ್ಯಾಪ್ ಬಾಟಲಿಯಲ್ಲಿ ಈ ತೊಂದರೆ ಅಪರೂಪ, ಹಾಗಾಗಿ ತಿರುಗಿಸುವ ಮುಚ್ಚಳ ಕಂಡು ಅಗ್ಗದ ಮಾಲು ಅಂತ ಬಿಟ್ಟುಬರಬೇಡಿ.

ವೈನ್ ಕುಡಿಯಲು ಈಗಷ್ಟೇ ಶುರು ಮಾಡಿದವರು ಚಕ್ರವನ್ನು ಇವತ್ತೇ ತರಿಸಬೇಕಿಲ್ಲ. ಮೊದಲು ಒಂದಷ್ಟು ಬಾಟಲಿಗಳನ್ನು ಸಿಹಿ, ಹುಳಿ, ಒಗರು ಮಾತ್ರ ನೋಡಿ ಕುಡಿಯಿರಿ. ‘ಹುಳಿ ಸರಿ, ಆದರೆ ಈ ವಾಸನೆ ಯಾವುದು?’ ಅಂತ ಕೇಳುವ ದಿನ ಬಂದಾಗ ತರಿಸಿ, ಜೊತೆಗೆ ಒಂದು ಹಿಡಿ ಕೊತ್ತಂಬರಿ ಬೀಜ ತೆಗೆದಿಟ್ಟುಕೊಳ್ಳಿ.