ಸುಣ್ಣದಕಲ್ಲಿನ ಕೈಕೊಡಲಿಗೆ ಆಸಿಡ್ ಹಾಕಬೇಡಿ

ಯಾದಗಿರಿ ಜಿಲ್ಲೆಯ ಹುಣಸಗಿ ಭಾಗದ ಸುಣ್ಣದಕಲ್ಲಿನ ಕೈಕೊಡಲಿಯೊಂದು (ಶಿಲಾಯುಗದವರು ಕೈಯಲ್ಲಿ ಹಿಡಿದು ಬಳಸುತ್ತಿದ್ದ ಕಲ್ಲಿನ ಆಯುಧ) ಆಸಿಡ್‌ಗೆ ಸಿಕ್ಕು ಹಾಳಾಗಿದೆ. ಅದರ ಮೇಲೆ ಜರೀಗಿಡದಂಥ ಕಪ್ಪು ಚಿತ್ತಾರವಿತ್ತು. ಸಸ್ಯದ ಪಳೆಯುಳಿಕೆ ಎಂದು ನಂಬಿದವರು, ಇನ್ನೂ ಚೆನ್ನಾಗಿ ಕಾಣಲಿ ಎಂದು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರು. ನೊರೆ ಇಳಿಯುವಷ್ಟರಲ್ಲಿ ಚಿತ್ತಾರವೂ ಹೋಗಿತ್ತು, ಆಯುಧ ಮಾಡುವಾಗ ಚಕ್ಕೆ ಎಬ್ಬಿಸಿದ ಗುಳಿಗಳ ಅಂಚೂ ಸವೆದುಹೋಗಿತ್ತು. ಅದೇ ಬಯಲಿನ ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿಗೆ ಸುಮಾರು 12 ಲಕ್ಷ ವರ್ಷದ ಕಾಲಮಾನ ಬಂದಿದೆ ಎಂದರೆ ಕಳೆದದ್ದೇನು ಎಂಬುದು ಅರ್ಥವಾದೀತು.

ಇಂಥ ಚಿತ್ತಾರಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಬಿರುಕಿನಲ್ಲಿ ಹರಿದು, ಅಲ್ಲಿ ಮ್ಯಾಂಗನೀಸ್ ಆಕ್ಸೈಡ್ ಕವಲೊಡೆಯುತ್ತಾ ಬೆಳೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿಸುವ ಲೆನ್ಸ್ ಹಿಡಿದು ನೋಡಿ: ಕವಲುಗಳು ಸಾಮಾನ್ಯವಾಗಿ ಒಂದು ಬಿರುಕಿನ ಗೆರೆಯಿಂದ ಹೊರಡುತ್ತವೆ. ಎಲೆಗಿರುವ ನಡುನರ, ಸಮನಾದ ಅಂಚು ಇಲ್ಲಿ ಇರುವುದಿಲ್ಲ.

ನಿಜವಾಗಿ ಬೆಲೆಯಿರುವುದು ಚಿತ್ತಾರ ಮತ್ತು ಚಕ್ಕೆಗುಳಿಗಳ ಸಂಬಂಧಕ್ಕೆ. ದೀಪದ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಗಮನಿಸಿ. ಕವಲು ಗುಳಿಯ ಅಂಚಿನಲ್ಲಿ ತಟ್ಟನೆ ತುಂಡಾಗಿದ್ದರೆ, ಕಲ್ಲು ಕೆತ್ತುವ ಮೊದಲೇ ಡೆಂಡ್ರೈಟ್ ಬಂಡೆಯೊಳಗಿತ್ತು. ಅಂಚು ದಾಟಿ ಗುಳಿಯ ಮೇಲೂ ಹರಡಿದ್ದರೆ, ಕೆತ್ತಿ ಬಿಸಾಡಿದ ಮೇಲೆ ಮಣ್ಣಿನಲ್ಲಿ ಬೆಳೆದದ್ದು. ಹಳೆಯ ಆಯುಧವೋ, ಈಚೆಗೆ ಒಡೆದ ಕಲ್ಲೋ ಎಂಬ ಜಗಳದಲ್ಲಿ ಇದೂ ಒಂದು ಸುಳಿವು. ಆಸಿಡ್ ಮೊದಲು ಅಳಿಸುವುದೇ ಇದನ್ನು.

ಅಪಾಯ ಕಲ್ಲಿಗಷ್ಟೇ ಅಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಸಾಮಾನ್ಯವಾಗಿರುವ ಹೈಡ್ರೋಕ್ಲೋರಿಕ್ ಆಸಿಡ್, ಇಂಥ ಚಿತ್ತಾರದಲ್ಲಿರಬಹುದಾದ ಮ್ಯಾಂಗನೀಸ್ ಡೈಆಕ್ಸೈಡ್‌ಗೆ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ, ಗಾಢ ಆಸಿಡ್‌ನೊಂದಿಗೆ ಅಪಾಯ ಇನ್ನೂ ಹೆಚ್ಚು. ಆಯುಧಕ್ಕೆ ಅಂಟಿದ ಬಿಳಿ ಸುಣ್ಣದ ಪೊರೆಯನ್ನೂ ಕೆರೆಯಬೇಡಿ, ಅದರಿಂದ ಯುರೇನಿಯಂ-ಥೋರಿಯಂ ಕಾಲನಿರ್ಣಯ (ಸುಣ್ಣದ ಪೊರೆಯ ವಯಸ್ಸು ಅಳೆಯುವ ವಿಧಾನ) ಸಾಧ್ಯವಾಗಬಹುದು.

ಮ್ಯಾಂಗನೀಸ್ ಹೌದೋ ಎಂದು ತಿಳಿಯಲೇಬೇಕಿದ್ದರೆ, ಅದೇ ಜಾತಿಯ, ಕೆತ್ತನೆಯಿಲ್ಲದ ಕಲ್ಲಿನ ಚೂರಿನ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಹನಿ ಬಿಡಿ. ಕಪ್ಪು ಭಾಗದಲ್ಲಿ ಗುಳ್ಳೆ ಎದ್ದರೆ ಮ್ಯಾಂಗನೀಸ್ ಇರುವ ಸಂಭವ ಹೆಚ್ಚು. ಆದರೆ ಸಾವಯವ ಕೊಳೆಗೂ ಗುಳ್ಳೆ ಬರುತ್ತದೆ, ಆದ್ದರಿಂದ ಚೂರನ್ನು ಮೊದಲು ತೊಳೆದು ಒಣಗಿಸಿ.

ಈಗಾಗಲೇ ಆಸಿಡ್ ಬಿದ್ದಿದ್ದರೆ ಕಲ್ಲನ್ನು ಶುದ್ಧ ನೀರಿನಲ್ಲಿ ನೆನೆಹಾಕಿ. ನೀಲಿ ಲಿಟ್ಮಸ್ ಕಾಗದ ಕೆಂಪಾಗುವುದು ನಿಲ್ಲುವವರೆಗೆ ನೀರು ಬದಲಿಸಿ, ನೆರಳಲ್ಲಿ ಒಣಗಿಸಿ. ಯಾವ ಆಸಿಡ್, ಯಾವ ದಿನ, ಎಷ್ಟು ಹೊತ್ತು ಎಂಬುದನ್ನು ಆ ಕಲ್ಲಿನ ಚೀಟಿಯಲ್ಲೇ ಬರೆದಿಡಿ. ಮುಂದೆ ಅದರ ಮೇಲ್ಮೈಯನ್ನು ಪರೀಕ್ಷಿಸುವವರಿಗೆ ಅದು ಗೊತ್ತಿರಲೇಬೇಕು.