ಗುಜರಿ ಮೋಟಾರ್ ಹಾಕಿದ ಗಾರ್ಡನ್ ಟ್ರ್ಯಾಕ್ಟರ್: ಮೂರು ವರ್ಷ ಓಡಿಸಿದ ಮೇಲೆ

ಎಂಜಿನ್ ಸೀಜ್ ಆಗಿ ಮೂಲೆ ಸೇರಿದ್ದ, ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರ್‌ಗೆ ಹಳೇ ಫೋರ್ಕ್‌ಲಿಫ್ಟ್‌ನ ಮೋಟಾರ್ ಕೂರಿಸಿ ಮೂರು ವರ್ಷ ಆಯಿತು. ಮೋಟಾರ್ ಬಗ್ಗೆ ಒಂದು ದೂರೂ ಇಲ್ಲ. ಕಾಡಿದ್ದೆಲ್ಲ ಬ್ಯಾಟರಿ ಮತ್ತು ಕೇಬಲ್ ಜಾಯಿಂಟ್‌ಗಳು.

ಇದು ಹೈಡ್ರಾಲಿಕ್ ಪಂಪ್ ತಿರುಗಿಸುತ್ತಿದ್ದ ಮೋಟಾರ್. ಇಂಥವನ್ನು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಿರುಗಲೆಂದು ಮಾಡಿರುತ್ತಾರೆ. ಉಲ್ಟಾ ಓಡಿಸಿದರೆ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಹತ್ತಿರ ಕಿಡಿ ಜಾಸ್ತಿ. ಹಾಗಾಗಿ ಎಂಜಿನ್ ಯಾವ ಕಡೆಗೆ ತಿರುಗುತ್ತಿತ್ತು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಳೇ ಗೇರ್‌ಬಾಕ್ಸ್ ಹಾಗೇ ಇಟ್ಟುಕೊಂಡೆ, ರಿವರ್ಸ್ ಅದರಲ್ಲೇ ಇದೆ. ಇನ್ನೊಂದು ಮಾತು. ಇಂಥ ಸೀರೀಸ್ ಮೋಟಾರ್‌ಗೆ (ಒಳಗಿನ ಸುರುಳಿಗಳನ್ನು ಒಂದರ ಹಿಂದೊಂದು ಜೋಡಿಸಿದ್ದು) ಲೋಡ್ ಇಲ್ಲದೆ ಪೂರ್ತಿ ವೋಲ್ಟೇಜ್ ಕೊಡಲೇಬೇಡಿ. ಓಡುವಾಗ ಬೆಲ್ಟ್ ಕಳಚಿಕೊಂಡರೆ ವೇಗ ಏರುತ್ತಲೇ ಹೋಗಿ ಆರ್ಮೇಚರ್, ಅಂದರೆ ಒಳಗೆ ತಿರುಗುವ ಭಾಗ, ಸಿಡಿಯಬಹುದು. ಕೂತಲ್ಲಿಂದಲೇ ಕೈಗೆ ಸಿಗುವ ಹಾಗೆ ಮೇನ್ ಸ್ವಿಚ್ ಇರಲಿ.

ಬ್ಯಾಟರಿಗಳು ಗಾಲ್ಫ್ ಕಾರ್ಟ್‌ನವು, 6 ವೋಲ್ಟ್‌ನವು ಎಂಟು. ಒಟ್ಟು 48 ವೋಲ್ಟ್. ಎಲ್ಲವೂ ಸೆಕೆಂಡ್ ಹ್ಯಾಂಡ್. ಸುಮ್ನೆ ಮೀಟರ್ ಹಿಡಿದಾಗ ಎಲ್ಲವೂ 6.3 ತೋರಿಸಿದವು, ನಂಬಿಬಿಟ್ಟೆ. ಹುಲ್ಲಿಗೆ ಇಳಿಸಿ ಐದು ನಿಮಿಷಕ್ಕೆ ಒಂದು ಮಾತ್ರ 5ಕ್ಕಿಂತ ಕೆಳಗೆ ಕುಸಿಯಿತು. ಅದೊಂದರಿಂದ ಉಳಿದ ಏಳೂ ಇದ್ದೂ ಇಲ್ಲದ ಹಾಗಾದವು. ಈಗ ಲೋಡ್ ಕೊಟ್ಟು ನೋಡದೆ ಯಾವ ಬ್ಯಾಟರಿಯನ್ನೂ ತರುವುದಿಲ್ಲ.

ಎರಡನೇ ವರ್ಷ ಒಂದು ದಿನ ಸುಟ್ಟ ವಾಸನೆ ಬಂತು. ಸೀಟ್ ಎತ್ತಿ ನೋಡಿದರೆ ಒಂದು ನಟ್ ಸಡಿಲ. ಕೆಳಗಿದ್ದ ಸೀಸದ ಟರ್ಮಿನಲ್ ಕಾದ ಮೇಣದ ಹಾಗೆ ಒಂದು ಕಡೆಗೆ ಇಳಿದಿತ್ತು. ಆಗಲೇ ಲೆಕ್ಕ ಹಾಕಿದ್ದು: ಜಾಯಿಂಟ್‌ನಲ್ಲಿ 0.01 ಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು, 100 ಆಂಪಿಯರ್ ಹರಿದಾಗ ಅಲ್ಲೇ 100 ವಾಟ್ ಬಿಸಿ. ಹಳೇ ಕಾಲದ ದೊಡ್ಡ ಬಲ್ಬನ್ನು ಬ್ಯಾಟರಿ ಮೇಲೆ ಉರಿಸಿಟ್ಟ ಹಾಗೆ, ಅಲ್ವಾ? ಅವತ್ತಿನಿಂದ ತಿಂಗಳಿಗೊಮ್ಮೆ ಎಲ್ಲ ನಟ್ ಬಿಗಿ ಮಾಡುತ್ತೇನೆ. ಬೂಷ್ಟಿನ ಹಾಗೆ ಕಟ್ಟಿದ ಪುಡಿಯನ್ನು ಸೋಡಾ ಪುಡಿ ನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರುತ್ತೇನೆ. ಡಿಸ್ಟಿಲ್ಡ್ ವಾಟರ್ ಚೆಕ್ ಮಾಡುವುದೂ ಆಗಲೇ.

ಒಂದು ಚಾರ್ಜ್‌ಗೆ ಸುಮಾರು ಒಂದು ಗಂಟೆ ಹುಲ್ಲು ಕತ್ತರಿಸುತ್ತದೆ. ಅರ್ಧ ಚಾರ್ಜ್‌ಗಿಂತ ಕೆಳಗೆ ಇಳಿಸುವುದಿಲ್ಲ, ಬಂದ ತಕ್ಷಣ ಚಾರ್ಜ್‌ಗೆ ಹಾಕುತ್ತೇನೆ. ಏರಿನಲ್ಲಿ ಎಳೆಯುವ ಶಕ್ತಿ ಮಾತ್ರ ಹಳೇ ಎಂಜಿನ್‌ಗಿಂತ ಎಷ್ಟೋ ಚೆನ್ನಾಗಿದೆ. ಬ್ಯಾಟರಿ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಒದ್ದೆ ಹುಲ್ಲಲ್ಲೂ ಜಾರುವುದಿಲ್ಲ. ಮುಂದಿನ ಸಲ ಲಿಥಿಯಂ ಹಾಕುವ ಆಸೆ ಇದೆ. ಆಗ ಈ ಭಾರ ಹೋಗುತ್ತದೆ, ಹಿಂದಿನ ಚಕ್ರಕ್ಕೆ ಬೇರೆ ತೂಕ ಕಟ್ಟಬೇಕು.