ಚೈನ್‌ಸಾ ಹಿಡಿದವರ ತಲೆಗೆ ಯಾವುದು? ಜಾಲರಿ ಹೆಲ್ಮೆಟ್, ಸೈಟ್ ಹೆಲ್ಮೆಟ್, ಬೈಕ್ ಹೆಲ್ಮೆಟ್: ಬಳಸಿ ನೋಡಿದ ಹೋಲಿಕೆ

ನೆಲದ ಮೇಲೆ ನಿಂತು ಚೈನ್‌ಸಾ ಓಡಿಸುವವರಿಗೆ ನನ್ನ ಓಟು ಜಾಲರಿ ಹೆಲ್ಮೆಟ್ಟಿಗೆ. ಕಿತ್ತಳೆ ಬಣ್ಣದ ಚಿಪ್ಪು, ಮುಖದ ಮುಂದೆ ಇಳಿಸಿಕೊಳ್ಳುವ ತಂತಿ ಜಾಲರಿ, ಎರಡು ಬದಿಗೆ ಇಯರ್‌ಮಫ್, ಮೂರೂ ಒಂದರಲ್ಲೇ ಇರುವಂಥದ್ದು. ಸ್ಟಿಲ್, ಹಸ್ಕ್ವರ್ನಾ ಮಿಷನ್ ಮಾರುವ ಅಂಗಡಿಗಳಲ್ಲಿ ಚೈನ್‌ಸಾ ಹೆಲ್ಮೆಟ್ ಎಂದರೆ ಇದನ್ನೇ ತೆಗೆದುಕೊಡುತ್ತಾರೆ. ಸೈಟ್ ಹೆಲ್ಮೆಟ್ ಜೊತೆ ಗಾಗಲ್ ಮತ್ತು ಕಿವಿಪ್ಲಗ್, ಮನೆಯಲ್ಲಿರುವ ಬೈಕ್ ಹೆಲ್ಮೆಟ್, ಮರ ಹತ್ತುವವರ ಹೆಲ್ಮೆಟ್, ಇವನ್ನೆಲ್ಲ ಹಾಕಿಕೊಂಡು ಕೊಯ್ದು ನೋಡಿದ ಮೇಲಿನ ಮಾತಿದು. ಹಾಳೆಟೋಪಿಯನ್ನೂ ತಲೆಗೆ ಸುತ್ತಿದ ಟವೆಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಿಸಿಲಿಗೆ, ಮೇಲಿನಿಂದ ಉದುರುವ ಚಿಗಳಿ ಇರುವೆಗೆ ಅವು ಸಾಕು, ಒಣಗೆಲ್ಲಿಗೆ ಸಾಲವು.

ಯಾವ ಹೆಲ್ಮೆಟ್ಟಿಗೂ ಇರುವ ಮಿತಿಯನ್ನು ಮೊದಲು ತಿಳಿದಿರಬೇಕು. ಕೆಲಸದ ಹೆಲ್ಮೆಟ್ಟುಗಳಿಗಿರುವ ಯುರೋಪಿನ ಇಎನ್ 397 ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ನೆತ್ತಿಗೆ ಬೀಳಿಸುತ್ತಾರೆ. ಒಳಗಿನ ತಲೆಗೆ 5 ಕಿಲೋನ್ಯೂಟನ್ನಿಗಿಂತ ಹೆಚ್ಚು ಬಲ ಮುಟ್ಟಬಾರದು. ಆ ಪೆಟ್ಟಿನ ಶಕ್ತಿ ಸುಮಾರು 49 ಜೂಲ್. ಎರಡೇ ಕಿಲೋ ತೂಗುವ ಒಣಗೆಲ್ಲು 6 ಮೀಟರ್ ಮೇಲಿನಿಂದ ಬಿದ್ದರೆ ಹತ್ತಿರ ಹತ್ತಿರ 118 ಜೂಲ್ ಆಗುತ್ತದೆ, ಪರೀಕ್ಷೆಯ ಎರಡು ಪಟ್ಟಿಗೂ ಮೇಲೆ. ಹೆಲ್ಮೆಟ್ ಇದ್ದರೆ ಬುರುಡೆ ಉಳಿಯಬಹುದು, ಕುತ್ತಿಗೆಯ ಖಾತ್ರಿ ಯಾರೂ ಕೊಡುವುದಿಲ್ಲ. ಹಾಗಾಗಿ ಮಿಷನ್ ಚಾಲೂ ಮಾಡುವ ಮೊದಲು ತಲೆಯೆತ್ತಿ ನೋಡಿ, ಮೇಲೆ ಸಿಕ್ಕಿಕೊಂಡಿರುವ ಒಣಗೆಲ್ಲನ್ನು ದೋಟಿಯಲ್ಲಿ ಎಳೆದು ಹಾಕುವ ಕೆಲಸ ತಪ್ಪುವುದಿಲ್ಲ. ಚೈನ್ ಸುತ್ತುವ ಬಾರ್‌ನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿ ಮಿಷನ್ ಮುಖದ ಕಡೆ ಚಿಮ್ಮಿದಾಗಲೂ (ಇದೇ ಕಿಕ್‌ಬ್ಯಾಕ್) ಅಷ್ಟೇ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವ ಚೈನನ್ನು ಯಾವ ಜಾಲರಿಯೂ ತಡೆಯದು. ಅಲ್ಲಿ ಕಾಯುವುದು ಚೈನ್ ಬ್ರೇಕು ಮತ್ತು ಮುಂದಿನ ಹಿಡಿಯನ್ನು ಹೆಬ್ಬೆರಳು ಸುತ್ತಿ ಹಿಡಿದ ಎಡಗೈ.

ಇನ್ನು ಸೈಟ್ ಹೆಲ್ಮೆಟ್. ಕೆಲಸದ ಹೆಲ್ಮೆಟ್ಟಿಗಿರುವ ಭಾರತದ ಮಾನದಂಡ ಐಎಸ್ 2925 ಮತ್ತು ಐಎಸ್‌ಐ ಗುರುತು ಇರುವ ಹಳದಿ ಹೆಲ್ಮೆಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಹಗುರ. ನೆತ್ತಿಯ ಮಟ್ಟಿಗೆ ಅದರ ಮೇಲೆ ನನ್ನ ದೂರಿಲ್ಲ. ಅದರ ಜೊತೆ ಬೇರೆಯಾಗಿ ಕೊಳ್ಳಬೇಕಾದ ಗಾಗಲ್ಲೇ ಇಡೀ ಏರ್ಪಾಟನ್ನು ಕೆಡಿಸುವುದು. ಮಂಜು ಕಟ್ಟುತ್ತದೆ.

ಮಂಜು ಎಲ್ಲ ಕಾಲದಲ್ಲೂ ಕಟ್ಟುವುದಿಲ್ಲ. ಮಾಘದ ಒಣಗಾಳಿಯಲ್ಲಿ ಸೌದೆ ಕೊಯ್ಯುವಾಗ ಅದೇ ಗಾಗಲ್ ಮಧ್ಯಾಹ್ನದವರೆಗೂ ತಿಳಿಯಾಗಿಯೇ ಇರುತ್ತದೆ. ಆದರೆ ಮನೆಯ ಚೈನ್‌ಸಾಕ್ಕೆ ನಿಜವಾಗಿ ಕೆಲಸ ಬರುವುದು ಆರಿದ್ರಾ, ಪುಷ್ಯ ಮಳೆಯಲ್ಲಿ. ಗಾಳಿಗೆ ಅಕೇಶಿಯಾ ಬಂದು ಬೇಲಿಯ ಮೇಲೆ ಒರಗುತ್ತದೆ, ಸಿಲ್ವರ್ ಓಕ್ ಮುರಿದು ದಾರಿಗೆ ಅಡ್ಡ ಬೀಳುತ್ತದೆ. ಆಗ ಗಾಳಿಯಲ್ಲೇ ನೀರು ತುಂಬಿರುತ್ತದೆ. ರೇನ್‌ಕೋಟಿನೊಳಗೆ ಬೆವೆತ ಮೈಯ ಆವಿ ಕೊರಳಿನಿಂದ ಮೇಲೇರಿ ಗಾಗಲ್ ಒಳಗೆ ಸೇರುತ್ತದೆ, ಹೊರಗಿನ ಮಳೆಹನಿ ಗಾಜನ್ನು ತಣ್ಣಗೆ ಇಡುತ್ತದೆ. ಒಂದು ದಿಮ್ಮಿ ತುಂಡಾಗುವಷ್ಟರಲ್ಲಿ ಎದುರಿಗೆ ಬರೀ ಬಿಳುಪು.

ಇದಕ್ಕೆ ಅಂಗಡಿಯವರು ಹೇಳುವ ಉಪಾಯಗಳಿಗೆಲ್ಲ ಒಂದೊಂದು ಕೊಕ್ಕೆ ಇದೆ. ಚೌಕಟ್ಟಿನ ಸುತ್ತ ನೇರ ತೂತು ಇರುವ ಗಾಗಲ್ ಕೊಂಡರೆ ಆವಿ ಹೊರಹೋಗುತ್ತದೆ, ಅದೇ ತೂತಿನಲ್ಲಿ ಹೊಟ್ಟು ಒಳಬರುತ್ತದೆ. ತೂತಿನ ಮೇಲೆ ಮುಚ್ಚಳವಿದ್ದು ಗಾಳಿ ಸುತ್ತಿ ಬಳಸಿ ಬರುವಂಥದ್ದಾದರೆ ಹೊಟ್ಟು ನಿಲ್ಲುತ್ತದೆ, ಮಂಜು ಬೇಗ ಬರುತ್ತದೆ. ಮಂಜು ಕಟ್ಟದ ಲೇಪನವಿರುವ ಗಾಗಲ್ ಹೊಸದರಲ್ಲಿ ಚೆನ್ನ. ಅಂಗಿಯ ಚುಂಗಿನಿಂದ ಒಣದಾಗಿಯೇ ಒರೆಸಿದರೆ ಹೊಟ್ಟಿನ ಕಣಗಳು ಲೇಪನವನ್ನು ಕೆರೆದು ತೆಗೆಯುತ್ತವೆ. ಅದನ್ನು ಉಳಿಸಿಕೊಳ್ಳಲು ನೀರಿನಲ್ಲಿ ತೊಳೆದು, ಒರೆಸದೆ, ತೂಗುಹಾಕಿ ಆರಿಸಬೇಕು. ಲೇಪನ ಹೋದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿಯನ್ನು ಒಳಗಡೆ ತೆಳ್ಳಗೆ ಸವರಿ ಒಣಗಲು ಬಿಟ್ಟರೆ ಸ್ವಲ್ಪ ಹೊತ್ತು ತಡೆಯುತ್ತದೆ. ಬೆವರು ಹರಿದು ಕಣ್ಣಿಗಿಳಿದರೆ ಉರಿಯುತ್ತದೆ ಎನ್ನುವುದನ್ನೂ ನೆನಪಿಟ್ಟುಕೊಳ್ಳಿ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದರಂತೂ ಉಸಿರೆಲ್ಲ ನೇರ ಮೇಲಕ್ಕೇ. ಕನ್ನಡಕದವರಿಗೆ ಎರಡು ಗಾಜು, ಎರಡು ಮಂಜು.

ಮಂಜು ಕಟ್ಟಿದ ಮೇಲೆ ಏನಾಗುತ್ತದೆ ಎನ್ನುವುದೇ ನನಗೆ ಮುಖ್ಯ. ಸರಿಯಾದ ದಾರಿ ಎಂದರೆ ಮಿಷನ್ ನಿಲ್ಲಿಸಿ, ಕೆಳಗಿಟ್ಟು, ಗ್ಲೌಸ್ ಬಿಚ್ಚಿ, ಒಣಬಟ್ಟೆ ಹುಡುಕಿ ಒರೆಸುವುದು. ಮಳೆ ಸುರಿಯುವಾಗ ಇಷ್ಟೆಲ್ಲ ಯಾರೂ ಪದೇ ಪದೇ ಮಾಡುವುದಿಲ್ಲ. ಗಾಗಲ್ ಹಣೆಗೇರುತ್ತದೆ, ಅಲ್ಲೇ ಉಳಿಯುತ್ತದೆ. ಇನ್ನೂ ಕೆಟ್ಟದ್ದು, ಓಡುತ್ತಿರುವ ಮಿಷನನ್ನು ಬಲಗೈಯೊಂದರಲ್ಲೇ ಹಿಡಿದು ಎಡಗೈ ಬೆರಳಿನಿಂದ ಗಾಜು ಉಜ್ಜುವುದು. ಚೈನ್ ಆಯಿಲ್ ಹತ್ತಿದ ಬೆರಳು ಗಾಜಿಗೆ ಜಿಡ್ಡು ಬಳಿಯುತ್ತದೆ, ಅತ್ತ ಕಿಕ್‌ಬ್ಯಾಕ್ ಹಿಡಿಯಬೇಕಾದ ಕೈ ಹಿಡಿಯಲ್ಲಿಲ್ಲ.

ಜಾಲರಿಗೆ ಮಂಜು ಕಟ್ಟಲು ಗಾಜೇ ಇಲ್ಲ. ಉಸಿರು ಹೊರಹೋಗುತ್ತದೆ, ಗಾಳಿ ಒಳಬರುತ್ತದೆ, ಒಳಗೆ ಕನ್ನಡಕವಿದ್ದರೂ ಸಲೀಸು. ಅದು ಇಳಿದೇ ಇರುತ್ತದೆ ಎನ್ನುವ ಒಂದೇ ಕಾರಣಕ್ಕೆ ನನ್ನ ಲೆಕ್ಕದಲ್ಲಿ ಪಂದ್ಯ ಮುಗಿಯಿತು.

ಹಾಗೆಂದು ಅದರ ದೋಷ ಮುಚ್ಚಿಡಬೇಕಿಲ್ಲ. ಸೋನೆ ಮಳೆಯಲ್ಲಿ ಜಾಲರಿಯ ಕಣ್ಣುಕಣ್ಣಿಗೂ ನೀರಿನ ಪೊರೆ ಕೂರುತ್ತದೆ. ಬೆರಳಿನಿಂದ ಒಂದೆರಡು ಸಲ ತಟ್ಟಿದರೆ ಉದುರುತ್ತದೆ. ಸಣ್ಣ ಹುಡಿ ಒಳನುಗ್ಗುತ್ತದೆ. ಆದರೆ ಇದರಲ್ಲಿ ಜಾಲರಿಗಿಂತ ಚೈನಿನ ತಪ್ಪೇ ಹೆಚ್ಚು: ಹರಿತವಾದ ಚೈನು ಚಕ್ಕೆ ಚಕ್ಕೆಯಾಗಿ ಉಗುಳುತ್ತದೆ, ಅದು ಜಾಲರಿಯಲ್ಲಿ ನಿಲ್ಲುತ್ತದೆ. ಹಿಟ್ಟಿನಂಥ ಹುಡಿ ಬರತೊಡಗಿದರೆ ಚೈನು ಮೊಂಡಾಗಿದೆ, ಅರ ಹಿಡಿಯುವ ಹೊತ್ತಾಗಿದೆ ಎಂದೇ ಅರ್ಥ. ಒಣಮರ ಹೆಚ್ಚು ಕೊಯ್ಯುವವರು ಜಾಲರಿಯ ಒಳಗೆ ಬದಿ ತೆರೆದ ಪಾರದರ್ಶಕ ಸೇಫ್ಟಿ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಅದು ಮುಖಕ್ಕೆ ಅಂಟಿ ಕೂರದ ಕಾರಣ ಗಾಗಲ್ಲಿನಷ್ಟು ಮಂಜು ಹಿಡಿಯುವುದಿಲ್ಲ. ಜಾಲರಿ ದ್ರವವನ್ನೂ ತಡೆಯುವುದಿಲ್ಲ. ಹೊಳೆಗೇರಿನಂತೆ ಸೊನೆ ತಾಗಿದರೆ ಮೈ ಬೊಕ್ಕೆ ಏಳುವ ಮರಕ್ಕೆ ಮಾತ್ರ ನಾನೂ ಮುಚ್ಚಿದ ಗಾಗಲ್ಲೇ ಬೇಕು ಎನ್ನುವವನು. ಕಳೆ ಹೊಡೆಯುವ ಮಿಷನ್‌ಗೂ ಹಾಗೆಯೇ. ಕಲ್ಲಿನ ಚೂರು ಚಕ್ಕೆಯ ಹಾಗಲ್ಲ.

ಕೊಳ್ಳುವಾಗ ನೈಲಾನ್ ಜಾಲರಿ ಬೇಡ, ತೆಳು ತಂತಿಯ ಕಪ್ಪು ಉಕ್ಕಿನ ಜಾಲರಿ ಇರಲಿ. ಕಾಫಿ ತೋಟದ ನೆರಳಿನಲ್ಲಿ, ಸಂಜೆಯ ಮಬ್ಬಿನಲ್ಲಿ ನೈಲಾನಿನ ದಪ್ಪ ಎಳೆ ಕಣ್ಣಿಗೆ ಅಡ್ಡ ಬರುತ್ತದೆ. ಕಪ್ಪು ಬಣ್ಣ ಸವೆದು ತಂತಿ ಹೊಳೆಯತೊಡಗಿದರೆ ಎದುರುಬಿಸಿಲಿನಲ್ಲಿ ಕಣ್ಣು ಕೋರೈಸುತ್ತದೆ. ಆಗ ಜಾಲರಿಯೊಂದನ್ನೇ ಬದಲಿಸಿ, ಇಡೀ ಹೆಲ್ಮೆಟ್ ಬೇಡ.

ಕಿವಿಯ ವಿಷಯ. ಪೆಟ್ರೋಲ್ ಚೈನ್‌ಸಾ ಓಡಿಸುವವರ ಕಿವಿಗೆ ಬೀಳುವ ಸದ್ದು 100 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್ಲಿಗೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ, ಎನ್ನುವುದು ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಲೆಕ್ಕ. ಆ ಪ್ರಕಾರ 100 ಡೆಸಿಬೆಲ್ಲಿಗೆ ಸಿಗುವುದು ದಿನಕ್ಕೆ 15 ನಿಮಿಷ. ಒಂದು ಟ್ಯಾಂಕ್ ಪೆಟ್ರೋಲ್ ಅದಕ್ಕಿಂತ ಹೆಚ್ಚು ಹೊತ್ತು ಬರುತ್ತದೆ.

ಉಂಡೆ ಮಾಡಿ ತೂರಿಸುವ ಫೋಮ್ ಪ್ಲಗ್ ಸರಿಯಾಗಿ ಕೂತರೆ ಇಯರ್‌ಮಫ್‌ಗೆ ಏನೂ ಕಡಿಮೆಯಿಲ್ಲ. ಆದರೆ ಅದನ್ನು ಉರುಟಲು ಶುಚಿಯಾದ ಬೆರಳು ಬೇಕು. ಹಲಸಿನ ಮೇಣ, ಆಯಿಲ್ ಹತ್ತಿದ ಕೈಯಲ್ಲಿ ಕೆಲಸದ ನಡುವೆ ತೆಗೆದು ಮತ್ತೆ ಹಾಕಿದರೆ ಕಿವಿಯೊಳಗೆ ಹೋಗುವುದು ಅದೇ ಮೇಣ. ಯಾರಾದರೂ ಮಾತಾಡಿಸಿದಾಗ ಮಫ್ ಎತ್ತಿದಷ್ಟು ಸುಲಭವಾಗಿ ಪ್ಲಗ್ ತೆಗೆಯಲಾಗುವುದಿಲ್ಲ. ಸೈಟ್ ಹೆಲ್ಮೆಟ್ಟಿಗೇ ಮಫ್ ಸಿಕ್ಕಿಸೋಣವೆಂದರೆ ಅಗ್ಗದ ಹೆಲ್ಮೆಟ್ಟುಗಳ ಬದಿಯಲ್ಲಿ ಅದಕ್ಕೆ ಬೇಕಾದ ಸೀಳೇ ಇರುವುದಿಲ್ಲ, ಇದ್ದರೂ ಅಳತೆ ಕೂಡುವುದಿಲ್ಲ. ಡ್ರಿಲ್ ಹಾಕಿ ತೂತು ಕೊರೆಯಬೇಡಿ; ಪೆಟ್ಟು ಬಿದ್ದಾಗ ಚಿಪ್ಪು ಅಲ್ಲಿಂದಲೇ ಬಿರಿಯುತ್ತದೆ.

ಜಾಲರಿ ಹೆಲ್ಮೆಟ್ಟಿನ ಮಫ್‌ನಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ಅದರ ತೋಳಿಗೆ ಎರಡು ನಿಲುವು: ಕಿವಿಯಿಂದ ದೂರ ನಿಂತದ್ದು, ಕಿವಿಗೆ ಒತ್ತಿದ್ದು. ಕೆಳಗಿಳಿಸಿದ ಮೇಲೆ ಎರಡು ಕಡೆಯ ತೋಳನ್ನೂ ಒಳಕ್ಕೆ ಒತ್ತಿ ‘ಟಕ್’ ಎನ್ನಿಸಬೇಕು. ಹಾಗೆ ಮಾಡದಿದ್ದರೆ ಬಟ್ಟಲು ಕಿವಿಯ ಮೇಲೆ ಬರೀ ಒರಗಿರುತ್ತದೆ, ಸದ್ದು ಸುತ್ತಲಿಂದ ನುಗ್ಗುತ್ತದೆ. ಕನ್ನಡಕದ ದಪ್ಪ ಕಡ್ಡಿ, ಕಿವಿಯ ಮೇಲೆ ಇಳಿದ ಟವೆಲ್ ಅಂಚು ಕೂಡ ಇದೇ ಬಗೆಯ ಸಂದು ಮಾಡುತ್ತವೆ. ತೆಳು ಕಡ್ಡಿಯ ಕನ್ನಡಕ ಉತ್ತಮ. ಕೆಲಸ ಮುಗಿದ ಮೇಲೆ ಬಟ್ಟಲುಗಳನ್ನು ಚಿಪ್ಪಿಗೆ ಒತ್ತಿಕೊಂಡೇ ಗೂಟಕ್ಕೆ ನೇತುಹಾಕಿದರೆ ಮೆತ್ತೆ ಚಪ್ಪಟೆಯಾಗುತ್ತದೆ, ತೋಳಿನ ಬಿಗಿ ಸಡಿಲುತ್ತದೆ. ಗಟ್ಟಿಯಾದ, ಬಿರಿದ ಮೆತ್ತೆ ಬದಲಿಸಲು ಬಿಡಿಭಾಗ ಸಿಗುತ್ತದೆ. ಹೆಸರಿಲ್ಲದ ಅಗ್ಗದ ಕಂಪನಿಯದಕ್ಕೆ ಸಿಗುವುದಿಲ್ಲ. ಅದನ್ನು ಕೊಳ್ಳಬೇಡಿ ಎನ್ನಲು ನನಗಿರುವ ದೊಡ್ಡ ಕಾರಣ ಇದೇ.

ಬೈಕ್ ಹೆಲ್ಮೆಟ್: ಬೇಡ. ತೂಕ ಹೆಚ್ಚು, ಗಾಜು ಮಂಜು ಹಿಡಿಯುತ್ತದೆ, ಕಿವಿಗೆ ಸಾಕಷ್ಟು ರಕ್ಷಣೆಯಿಲ್ಲ. ತಲೆ ಹಿಂದಕ್ಕೆ ಬಾಗಿಸಿದರೆ ಹೆಲ್ಮೆಟ್ಟಿನ ಅಂಚು ಬೆನ್ನಿಗೆ ತಾಗಿ ಮರದ ತುದಿಯೇ ಕಾಣುವುದಿಲ್ಲ, ಮರ ಕಡಿಯುವವರು ನೋಡಲೇಬೇಕಾದದ್ದು ಅದನ್ನೇ. ಒಳಗಿನ ಥರ್ಮಾಕೋಲ್ ಒಂದು ದೊಡ್ಡ ಪೆಟ್ಟಿಗೆ ಕುಸಿದರೆ ಮತ್ತೆ ಏಳುವುದಿಲ್ಲ, ಆಮೇಲೆ ರಸ್ತೆಗೂ ಅದು ಕೆಲಸಕ್ಕೆ ಬಾರದು. ಮಾವಿನ ಮರದ ಚಿಗಳಿ ಗೂಡು ಒಡೆದು ಫುಲ್‌ಫೇಸ್ ಹೆಲ್ಮೆಟ್ಟಿನೊಳಗೆ ಸೇರಿದರೆ ಏನಾಗುತ್ತದೆ ಎನ್ನುವುದನ್ನು ವಿವರಿಸಬೇಕಿಲ್ಲ.

ಮರ ಹತ್ತುವವರ ಹೆಲ್ಮೆಟ್ಟಿಗೆ ನಿಜವಾದ ವ್ಯತ್ಯಾಸ ಗದ್ದದ ಪಟ್ಟಿಯಲ್ಲಿದೆ. ಇಎನ್ 397ರ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಹೆಲ್ಮೆಟ್ ಎಲ್ಲಿಗಾದರೂ ಸಿಕ್ಕಿಬಿದ್ದರೆ ಕೊರಳು ಬಿಗಿಯದಿರಲಿ ಎಂದು. ಪರ್ವತಾರೋಹಿಗಳ ಹೆಲ್ಮೆಟ್ಟಿಗಿರುವ ಇಎನ್ 12492ರದು 500 ನ್ಯೂಟನ್‌ವರೆಗೆ ಬಿಡಬಾರದು, ಬೀಳುವಾಗ ಹೆಲ್ಮೆಟ್ ತಲೆಯಲ್ಲೇ ಉಳಿಯಬೇಕು. ಪೆಟ್ಜ಼್ಲ್ ಕಂಪನಿಯ ವರ್ಟೆಕ್ಸ್‌ನಂಥದ್ದರಲ್ಲಿ ಎರಡೂ ಬಗೆಗೆ ಪಟ್ಟಿಯನ್ನು ಹೊಂದಿಸಿಕೊಳ್ಳಬಹುದು. ವಸ್ತು ಚೊಕ್ಕ, ಆದರೆ ಜಾಲರಿ, ಮಫ್ ಬೇರೆಯಾಗಿ ಕೊಂಡು ಸೇರಿಸುವಷ್ಟರಲ್ಲಿ ಸಣ್ಣ ಚೈನ್‌ಸಾದ ಬೆಲೆಗೆ ಹತ್ತಿರವಾಗುತ್ತದೆ. ಮರಗಸಿಗೆ, ಅಂದರೆ ತೋಟದ ನೆರಳುಮರದ ಕೊಂಬೆ ಸವರಲು, ಹತ್ತುವವರಿಗೆ ಕೊಡಿಸಿ. ಹತ್ತದವರಿಗೆ ಅದು ಬೇಕಿಲ್ಲ.

ಯಾವುದನ್ನೇ ಕೊಂಡರೂ ಒಳಪಟ್ಟಿಗೂ ಚಿಪ್ಪಿಗೂ ನಡುವಿನ ಖಾಲಿ ಜಾಗವೇ ಪೆಟ್ಟು ನುಂಗುವುದು. ಅಲ್ಲಿ ಮಡಚಿದ ಟವೆಲ್, ಬೀಡಿಕಟ್ಟು, ಮೊಬೈಲ್ ತುರುಕಿದರೆ ಪೆಟ್ಟು ನೇರ ನೆತ್ತಿಗೆ. ಹಿಂದೆ ತಿರುಗಿಸಿ ಬಿಗಿಮಾಡುವ ನಾಬ್ ಇರಲಿ. ಪಿನ್ ಸಿಕ್ಕಿಸುವ ಪಟ್ಟಿಯಾದರೆ ಬಗ್ಗಿದಾಗ ಹೆಲ್ಮೆಟ್ ಮುಂದಕ್ಕೆ ಜಾರಿ ಚೈನಿನ ಮೇಲೇ ಬೀಳುತ್ತದೆ. ಚಿಪ್ಪಿನ ಒಳಗೆ ಗಡಿಯಾರದಂಥ ಅಚ್ಚು ಇರುತ್ತದೆ: ನಡುವೆ ಇಸವಿ, ಬಾಣದ ತುದಿಯಲ್ಲಿ ತಿಂಗಳು. ಅಂಗಡಿಯಲ್ಲೇ ನೋಡಿ, ಹಳೆಯ ಸ್ಟಾಕ್ ಬೇಡ. ಮೇಣ, ಆಯಿಲ್ ತೆಗೆಯಲು ಸೋಪಿನ ನೀರು ಮತ್ತು ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಪ್ಲಾಸ್ಟಿಕ್ ಒಳಗೊಳಗೇ ಹಾಳಾಗುತ್ತದೆ. ಬಿಸಿಲಿಗೆ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲೂ ಇಡಬೇಡಿ.

ವರ್ಷಕ್ಕೆ ಒಂದೆರಡು ಸಲ ಬೇಸಿಗೆಯಲ್ಲಿ ಸೌದೆ ಮಾತ್ರ ಕೊಯ್ಯುವವರಿಗೆ, ಕೈಯಲ್ಲಿ ಸಾವಿರ ರೂಪಾಯಿಯಷ್ಟೇ ಇದ್ದರೆ, ನಾಬ್ ಇರುವ ಐಎಸ್‌ಐ ಸೈಟ್ ಹೆಲ್ಮೆಟ್, ಗಾಗಲ್, ದಾರವಿರುವ ತೊಳೆಯಬಹುದಾದ ಪ್ಲಗ್ ನಡೆಯುತ್ತದೆ. ಮಳೆಗಾಲದಲ್ಲೂ ಮಿಷನ್ ಹೊರಬರುವ ಮನೆಯಾದರೆ ಒಂದಿಷ್ಟು ತಡವಾದರೂ ದುಡ್ಡು ಕೂಡಿಸಿ ಹೆಸರಿರುವ ಕಂಪನಿಯ ಜಾಲರಿ ಹೆಲ್ಮೆಟ್ಟನ್ನೇ ತನ್ನಿ. ಬಿಲ್ ಮಾಡಿಸುವಾಗಲೇ ಒಂದು ಜಾಲರಿ, ಒಂದು ಜೊತೆ ಮೆತ್ತೆ ಹೆಚ್ಚಿಗೆ ತೆಗೆದಿಟ್ಟುಕೊಂಡರೆ ಮಳೆಯ ನಡುವೆ ಪೇಟೆಗೆ ಓಡುವುದು ತಪ್ಪುತ್ತದೆ.